ನೊರೆ ಇಳಿದ ಮೇಲಿನ ಓಟಿ

ಚಿಕ್ಕಮಗಳೂರು, ಭಟ್ಟರ ಹೋಟೆಲಿನ ಜಗಲಿ ಬೆಂಚು. ಮಳೆ ಬಿಡೋ ಲಕ್ಷಣ ಇರ್ಲಿಲ್ಲ, ನಾವು ಏಳೋ ಲಕ್ಷಣಾನೂ ಇರ್ಲಿಲ್ಲ. ಬೆಂಗಳೂರಿಂದ ಬಂದ ಸುಬ್ಬು ಶುರು ಹಚ್ಕೊಂಡ.

"ಕಾಫಿ ಡೇ ಅಂಗಡಿ ಒಂದೊಂದಾಗಿ ಮಾಯ ಆಗ್ತಿವೆ ಮಾರಾಯ. ದಾರೀಲಿ ಒಂದಕ್ಕೆ ಅಂತ ಗಾಡಿ ಎಲ್ಲಿ ನಿಲ್ಸೋದು ಇನ್ನು?"

"ಅಲ್ಲಿ ಕಾಫಿಗೆ ಅಂತ ಎಷ್ಟು ಸಲ ನಿಲ್ಸಿದ್ದೆ, ಅದು ಹೇಳು ಮೊದ್ಲು," ಅಂದ ಪುಟ್ಟಣ್ಣ. ಹತ್ತೆಕರೆ ರೊಬಸ್ಟಾ ಕಾಫಿ ತೋಟ ಇದೆ ಅವನಿಗೆ, ಜಂಬ ಮಾತ್ರ ನೂರೆಕರೆದು. "ನಂಗೂ ಅಳಿಯ ಒಂದ್ಸಲ ಅಂಥ ಅಂಗಡಿಗೆ ಕರ್ಕೊಂಡ್ ಹೋಗಿದ್ದ. ಹುಡುಗನ್ನ ಕೇಳ್ದೆ, ಇದು ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟಾ, ಹಣ್ಣಾಗೇ ಒಣಗಿಸಿದ ಚೆರ್ರಿನಾ ಅಂತ. ಚೆರ್ರಿ ಬೇಕಿದ್ರೆ ಕೇಕ್ ಮೇಲಿರುತ್ತೆ ಸಾರ್ ಅಂದ!"

ಮೇಷ್ಟ್ರು ನಗಲಿಲ್ಲ. "ತಮಾಷೆ ಇರ್ಲಿ. ಬೆಳೆದ ಕಾಫೀನ ಕಾಫಿ ಬೋರ್ಡಿನ ಪೂಲ್‌ಗೆ, ಅಂದ್ರೆ ಎಲ್ಲರದ್ದೂ ಒಟ್ಟು ಸೇರಿಸಿ ಬೋರ್ಡೇ ಮಾರೋ ವ್ಯವಸ್ಥೆಗೆ, ಹಾಕಿ ದುಡ್ಡಿಗೆ ಕಾಯ್ತಾ ಕೂತಿದ್ದೋರು ನಾವು. ಅಂಥಾದ್ರಲ್ಲಿ ನಮ್ಮೂರಿನ ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೇಲಿ ಮೊದಲ ಕಾಫಿ ಡೇ ಅಂಗಡಿ ತೆಗೆದು ಕಾಫಿ ಜೊತೆ ಇಂಟರ್‌ನೆಟ್ ಕೊಟ್ರು. ಅವ್ರು ಮಾರಿದ್ದು ಕಾಫಿ ಅಲ್ಲ ಕಣ್ರೋ, ಕುರ್ಚಿ."

"ಆ ಕುರ್ಚೀನೇ ನನ್ನ ಕೆಡಿಸಿದ್ದು," ಅಂದ ನಾಗರಾಜ. "ಹೆಣ್ಣು ನೋಡೋಕೆ ಅಲ್ಲೇ ಹೋಗಿದ್ದೆ. ಒಂದು ಕೋಲ್ಡ್ ಕಾಫಿ, ಮೂರು ಗಂಟೆ ಮಾತು. ಮನೇಲಾಗಿದ್ರೆ ಉಪ್ಪಿಟ್ಟು-ಕೇಸರಿಬಾತ್ ತಿಂದು ತಲೆ ತಗ್ಗಿಸ್ಕೊಂಡು ಬರ್ತಿದ್ದೆ, ಒಪ್ಕೊಂಡಿರೋಳು."

"ಹಂಗಾದ್ರೆ ನಿನ್ನಂಥೋರು ಕೂತು ಕೂತೇ ಮುಳುಗಿಸಿದ್ದು," ಅಂದ ಪುಟ್ಟಣ್ಣ.

"ಅಲ್ಲಪ್ಪ," ಅಂದ್ರು ಮೇಷ್ಟ್ರು. "ಅದು ಸಾಲ. ಟೆಕ್ ಪಾರ್ಕು, ರೆಸಾರ್ಟು, ಸರಕು ಸಾಗಣೆ ಎಲ್ಲಕ್ಕೂ ಕೈ ಹಾಕಿದ್ರು. 2015ರಲ್ಲಿ 328 ರೂಪಾಯಿಗೆ ಷೇರು ಬಿಟ್ರು, ಆದ್ರೂ 2019ರ ಹೊತ್ತಿಗೆ ಸಾಲ 7,000 ಕೋಟಿ ದಾಟಿತ್ತು. ಆ ಜುಲೈಲಿ..."

ಅಲ್ಲಿಗೆ ನಿಲ್ಸಿದ್ರು. ನೇತ್ರಾವತಿ ಅನ್ನೋ ಹೆಸರು ಯಾರೂ ಎತ್ತಲಿಲ್ಲ. ಹೆಂಚಿನ ನೀರು ಬಕೆಟ್ಟಿಗೆ ಬೀಳೋದು ಸ್ವಲ್ಪ ಹೊತ್ತು ಕೇಳ್ತಿತ್ತು.

"ಅವರ ಹೆಂಡ್ತಿ ಮಾಳವಿಕಾ ಅವ್ರನ್ನ ಮೆಚ್ಬೇಕು," ಅಂದ ಸುಬ್ಬು ಕೊನೆಗೆ. "ಟೆಕ್ ಪಾರ್ಕ್ ಹೋಯ್ತು, ನಡೀದಿರೋ ಅಂಗಡಿ ಮುಚ್ಚಿದ್ರು, ಸಾಲ ಎರಡು ಸಾವಿರ ಕೋಟಿಗಿಂತ ಕೆಳಗಿಳೀತು. 1,700 ದಾಟಿದ್ದ ಅಂಗಡಿ 450ರ ಆಸುಪಾಸಿಗೆ ಬಂತು."

ಪುಟ್ಟಣ್ಣ ಬೆರಳು ಮಡಚಿ ಓಟಿ ಲೆಕ್ಕ ಹಾಕ್ದ, ಐವತ್ತು ಕೆಜಿ ಒಣ ಕಾಫಿ ಮೂಟೇಲಿ ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ಉಳಿಯುತ್ತೆ ಅನ್ನೋ ಬೆಳೆಗಾರರ ಲೆಕ್ಕ ಅದು. "ಅಂದ್ರೆ ಐವತ್ತು ಕೆಜಿ ಮೂಟೆಗೆ ಹದಿಮೂರು! ಬೋರರ್ ಹುಳ ಹೊಡೆದ ನನ್ನ ಚೆರ್ರಿಗೂ ಇಷ್ಟು ಕಮ್ಮಿ ಓಟಿ ಬಂದಿಲ್ಲ ಕಣೋ."

ಒಳಗಿಂದ ಭಟ್ರು ಟವೆಲ್ ಒದರುತ್ತಾ ಬಂದ್ರು.

"ಎರಡು ಬೈಟು ಕಾಫಿ, ನಾಲ್ಕು ಜನ, ಒಂದೂವರೆ ಗಂಟೆ. ಪುಟ್ಟಣ್ಣ, ನನ್ನ ಬೆಂಚಿಂದು ಓಟಿ ಎಷ್ಟು ಬಂತು ನೋಡಿ ಹೇಳಪ್ಪ."