ಉದ್ದ ರಾತ್ರಿಗೆ ಒಂದು ತಟ್ಟೆ ಗೋಧಿ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಬೈಯಬೇಡ, ಅಡುಗೆ ಮಾಡುತ್ತಾ ಕೇಳು. ಡಿಸೆಂಬರ್ 21, ವರ್ಷದಲ್ಲೇ ಉದ್ದದ ರಾತ್ರಿ, ಮಕ್ಕಳ ಕೈಲಿ ಅಲ್ಲಿಯದೇ ಏನಾದರೂ ಗಿಡದ ಶಾಸ್ತ್ರ ಮಾಡಿಸಬೇಕು, ಜರ್ಮನಿ ಕಡೆ ಏನು ಮಾಡುತ್ತಿದ್ದರು ಚಿಕ್ಕಮ್ಮ ಅಂತ ಕೇಳಿದ್ದೀಯ. ಅದರ ಕೆಳಗೇ ಭಾವ ಒಂದು ಫಾರ್ವರ್ಡ್ ಹಾಕಿದ್ದಾರೆ. ಮಿಸಲ್‌ಟೋ ಅನ್ನುವ ಗಿಡದ ಕೆಳಗೆ ಮುತ್ತು ಕೊಡುವುದು ಐದು ಸಾವಿರ ವರ್ಷದ ಪದ್ಧತಿಯಂತೆ. ಅದರ ಹಣ್ಣು ತಿಂದರೆ ಆಯಸ್ಸು ಜಾಸ್ತಿಯಂತೆ.

ಭಾವ, ಬೇಜಾರು ಮಾಡಿಕೊಳ್ಳಬೇಡಿ, ಮೊದಲು ಅದನ್ನು ಡಿಲೀಟ್ ಮಾಡಿ. ಆ ಬಿಳಿ ಹಣ್ಣು ವಿಷ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ.

ಮಿಸಲ್‌ಟೋ ಅಂದರೆ ಬದನಿಕೆ ಅಂತೀವಲ್ಲ, ಆ ಥರದ್ದು. ಸೇಬಿನ ಮರದ ಕೊಂಬೆಗೆ ಬೇರು ಊರಿ ನೀರು ಹೀರುತ್ತದೆ. ಮರ ಎಲೆ ಉದುರಿಸಿ ಬೋಳಾಗಿ ನಿಂತಾಗ ಇದೊಂದೇ ಮೇಲೆ ದುಂಡಗೆ ಹಸಿರಾಗಿ ಕೂತಿರುತ್ತದೆ. ನೆಲಕ್ಕೆ ಬೇರಿಲ್ಲ, ಚಳಿಗೆ ಬಾಡುವುದಿಲ್ಲ. ಜನ ಕೈ ಮುಗಿಯದೆ ಇರುತ್ತಾರಾ? ಒಂದನೇ ಶತಮಾನದಲ್ಲಿ ರೋಮಿನ ಪ್ಲಿನಿ ಇದರ ಬಗ್ಗೆ ಬರೆದಿದ್ದಾನೆ. ಓಕ್ ಮರದ ಮೇಲೆ ಇದು ಸಿಗುವುದೇ ಅಪರೂಪ, ಸಿಕ್ಕಿದರೆ ಈಗಿನ ಫ್ರಾನ್ಸ್ ಕಡೆಯ ಡ್ರೂಯಿಡ್ ಅನ್ನುವ ಪೂಜಾರಿ ಬಿಳಿ ಬಟ್ಟೆ ಉಟ್ಟು ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಕೊಯ್ಯುತ್ತಿದ್ದ, ಕೆಳಗಿದ್ದವರು ಬಿಳಿ ಬಟ್ಟೆಯಲ್ಲಿ ಹಿಡಿಯುತ್ತಿದ್ದರು ಅಂತ. ಆದರೆ ಅವನು ಹೇಳಿರುವುದು ಚಂದ್ರನ ಆರನೇ ದಿನ. ಉದ್ದ ರಾತ್ರಿಯ ಮಾತಿಲ್ಲ, ಮುತ್ತಿನ ಸುದ್ದಿಯಂತೂ ಇಲ್ಲವೇ ಇಲ್ಲ. ಅದು 18ನೇ ಶತಮಾನದ ಇಂಗ್ಲೆಂಡಿನವರದು. ಒಂದು ಮುತ್ತಿಗೆ ಒಂದು ಹಣ್ಣು ಕೀಳಬೇಕು, ಹಣ್ಣು ಮುಗಿದರೆ ಮುತ್ತೂ ಬಂದ್. ಲೆಕ್ಕ ಚೆನ್ನಾಗಿದೆ ಅಲ್ವಾ?

ಭಾವನ ಫಾರ್ವರ್ಡಿನ ಚಿತ್ರದಲ್ಲಿರುವ ಮುಳ್ಳೆಲೆ, ಕೆಂಪು ಹಣ್ಣಿನ ಗಿಡ ಹಾಲಿ. ಹಾಲಿ ಶಾಸಕ, ಮಾಜಿ ಶಾಸಕ ಅಂತೀವಲ್ಲ, ಆ ಹಾಲಿ ಅಲ್ಲ, ಗಿಡದ ಹೆಸರೇ ಅದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಮುಳ್ಳಿನ ಎಲೆಯದು ಗಂಡು, ನುಣುಪು ಎಲೆಯದು ಹೆಣ್ಣು ಅನ್ನುತ್ತಿದ್ದರು. ಕ್ರಿಸ್ಮಸ್‌ಗೆ ಕೊಂಬೆ ಮನೆಗೆ ತರುವಾಗ ಯಾವುದು ಮೊದಲು ಹೊಸಿಲು ದಾಟುತ್ತದೋ ಆ ವರ್ಷ ಮನೆಯಲ್ಲಿ ಅವರದೇ ದರ್ಬಾರು. ತಮಾಷೆ ಏನು ಗೊತ್ತಾ, ಮುಳ್ಳೂ ನುಣುಪೂ ಒಂದೇ ಮರದಲ್ಲಿ ಇರುತ್ತವೆ. ಪ್ರಾಣಿಗಳ ಬಾಯಿಗೆ ಎಟಕುವ ಕೆಳಗಿನ ಎಲೆಗೆ ಮುಳ್ಳು ಜಾಸ್ತಿ, ಮೇಲಿನವು ನುಣುಪು. ನಿಜವಾದ ಗಂಡು ಮರ, ಹೆಣ್ಣು ಮರ ಪಪ್ಪಾಯದ ಹಾಗೆ ಬೇರೆ ಬೇರೆ. ಹಣ್ಣು ಬಿಡುವುದು ಹೆಣ್ಣು ಮಾತ್ರ. ಅಂದರೆ ಕೆಂಪು ಹಣ್ಣಿರುವ ಮುಳ್ಳಿನ ಕೊಂಬೆಯನ್ನು ಗಂಡು ಅಂತ ಮೀಸೆ ತಿರುವಿ ಒಳಗೆ ತಂದವರೆಲ್ಲ ತಂದದ್ದು ಹೆಣ್ಣನ್ನೇ! ನೀನು ಮಾತ್ರ ಕಾಡಿನಲ್ಲಿ ಕೀಳಲು ಹೋಗಬೇಡ, ಜರ್ಮನಿಯಲ್ಲಿ ಕಾಡಿನ ಹಾಲಿಗೆ ಕಾನೂನಿನ ರಕ್ಷಣೆ ಇದೆ. ಇದರ ಹಣ್ಣೂ ಮಕ್ಕಳ ಬಾಯಿಗೆ ಹೋಗಬಾರದು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. 21ರ ದಿನ ಬೆಳಿಗ್ಗೆ ಎದ್ದು ಶುರು ಮಾಡಿದರೆ ಆಗುವುದಿಲ್ಲ ಪುಟ್ಟಿ. ಒಳ್ಳೊಳ್ಳೆ ಶಾಸ್ತ್ರಗಳೆಲ್ಲ ಮುಂಚೆಯೇ ಶುರುವಾಗುತ್ತವೆ. ಗಿಡ ಚಿಗುರೋಕೆ ಟೈಮ್ ಬೇಡವಾ? ಇವತ್ತು ಎರಡನೇ ತಾರೀಖು. ನಾಳಿದ್ದು ನಾಲ್ಕು, ಸಂತ ಬಾರ್ಬರಾಳ ದಿನ. ಅವಳನ್ನು ಸೆರೆಮನೆಗೆ ಎಳೆದುಕೊಂಡು ಹೋಗುವಾಗ ಉಡುಪಿಗೆ ಚೆರ್ರಿ ಕೊಂಬೆ ಸಿಕ್ಕಿಕೊಂಡಿತಂತೆ. ಅದನ್ನು ನೀರಲ್ಲಿ ಇಟ್ಟಳಂತೆ. ಅವಳನ್ನು ಕೊಂದ ದಿನ ಅದು ಹೂ ಬಿಟ್ಟಿತಂತೆ. ಅದಕ್ಕೇ ಜರ್ಮನಿ, ಆಸ್ಟ್ರಿಯಾದಲ್ಲಿ ಅಂದು ಚೆರ್ರಿ ಕೊಂಬೆ ಕಡಿದು ಮನೆಯೊಳಗೆ ನೀರಲ್ಲಿ ಇಡುತ್ತಾರೆ. ಕ್ರಿಸ್ಮಸ್‌ಗೆ ಹೂ ಬಿಟ್ಟರೆ ಬರುವ ವರ್ಷ ಒಳ್ಳೆಯದು, ಮದುವೆ ವಯಸ್ಸಿನ ಹುಡುಗಿ ಇಟ್ಟಿದ್ದರೆ ಮದುವೆ ಆಗುತ್ತದೆ.

ಪಕ್ಕದ ಮನೆ ಅಜ್ಜಿಯ ತೋಟದಲ್ಲಿ ಮರ ಇದೆಯಲ್ಲ, ನಾಲ್ಕು ಕೊಂಬೆ ಕೇಳು. ದಪ್ಪಗೆ, ದುಂಡಗೆ, ಗೊಂಚಲಾಗಿ ಇರುವ ಮೊಗ್ಗು ನೋಡಿ ಆರಿಸು. ಸಣಕಲು ಚೂಪಿನ ಮೊಗ್ಗಿನಲ್ಲಿ ಬರೀ ಎಲೆ ಬರುತ್ತದೆ. ಆ ಹೂಮೊಗ್ಗು ಬೇಸಿಗೆಯಲ್ಲೇ ಆಗಿರುತ್ತದೆ, ಆದರೆ ಕೆಲವು ವಾರ ಚಳಿ ತಿನ್ನದೆ ಅರಳುವುದಿಲ್ಲ. ಈ ಸಲ ಇನ್ನೂ ಹಿಮ ಬಿದ್ದಿಲ್ಲ ಅಂದೆಯಲ್ಲ, ಹಾಗಾದರೆ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಡು. ಸುಮ್ನೆ ಹೇಳುತ್ತಿಲ್ಲ, ಅಲ್ಲಿಯವರೇ ಹಾಗೆ ಮಾಡುತ್ತಾರೆ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಇಡೀ ಕೊಂಬೆ ಮುಳುಗಿಸಿಡು, ಬುಡ ಓರೆಯಾಗಿ ಕತ್ತರಿಸು, ಹೂಜಿಯ ನೀರು ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸು. ಹೀಟರ್ ಪಕ್ಕ ಮಾತ್ರ ಬೇಡ. ಹೋದ ವರ್ಷ ನಾನು ಬಂದಾಗ ಬೇಗ ಅರಳಲಿ ಅಂತ ಅಲ್ಲೇ ಇಟ್ಟೆ ನೋಡು, ಮೊಗ್ಗೆಲ್ಲ ಒಣಗಿ ಮುಟ್ಟಿದರೆ ಉದುರುತ್ತಿದ್ದವು. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ ನನಗೆ ಎಷ್ಟು ನಾಚಿಕೆ ಆಯಿತು ಗೊತ್ತಾ.

ಎರಡನೆಯದು ಗೋಧಿ, ಇದು ನನ್ನ ಇಷ್ಟದ್ದು. ಹಂಗೇರಿ, ಕ್ರೊಯೇಷಿಯಾ ಕಡೆಯದು. ಡಿಸೆಂಬರ್ 13, ಸಂತ ಲೂಸಿಯ ದಿನ, ಒಂದು ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಗೇಣುದ್ದ ಹಸಿರು. ಒತ್ತಾಗಿ ಬಂದರೆ ಬೆಳೆ ಚೆನ್ನಾಗಿ ಆಗುತ್ತದೆ ಅಂತ ನಂಬಿಕೆ. ಹಸಿರಿಗೆ ರಿಬ್ಬನ್ ಕಟ್ಟಿ ನಡುವೆ ಮೇಣದಬತ್ತಿ ಹಚ್ಚುತ್ತಾರೆ. ಉದ್ದ ರಾತ್ರಿ 21ಕ್ಕೆ ಇರುವಾಗ ಇದು ಯಾಕೆ 13ಕ್ಕೆ ಅಂದರೆ, ಹಳೇ ಜೂಲಿಯನ್ ಕ್ಯಾಲೆಂಡರಿನ ವರ್ಷ ನಿಜವಾದ ವರ್ಷಕ್ಕಿಂತ ಸುಮಾರು 11 ನಿಮಿಷ ಜಾಸ್ತಿ. ಅದು ಸೇರಿ ಸೇರಿ 14ನೇ ಶತಮಾನದಲ್ಲಿ ಉದ್ದ ರಾತ್ರಿ 13ರ ಆಸುಪಾಸಿಗೇ ಬರುತ್ತಿತ್ತು. 1582ರಲ್ಲಿ ಪೋಪ್ ಗ್ರೆಗರಿ 10 ದಿನ ಹಾರಿಸಿ ಲೆಕ್ಕ ಸರಿ ಮಾಡಿದರು. ರಾತ್ರಿ ಮುಂದಕ್ಕೆ ಹೋಯಿತು, ಲೂಸಿ ಅಲ್ಲೇ ಉಳಿದಳು.

ಔಷಧಿ ಹಾಕಿದ ಬಿತ್ತನೆ ಬೀಜ ಬೇಡ, ತಿನ್ನುವ ಇಡಿ ಗೋಧಿಯೇ ಸಾಕು. ರಾತ್ರಿ ನೆನೆಹಾಕಿ, ತಟ್ಟೆಗೆ ಹತ್ತಿ ಹಾಸಿ, ಕಾಳು ಒತ್ತೊತ್ತಾಗಿ ಹರಡು. ದಿನಾ ನೀರು ಚಿಮುಕಿಸಲಿ ಮಕ್ಕಳು, ನಿಲ್ಲುವಷ್ಟು ಬೇಡ. ಮೂರನೇ ದಿನ ಕಾಳಿನ ಬುಡದಲ್ಲಿ ಬಿಳಿ ನೂಲಿನಂಥದ್ದು ಕಾಣುತ್ತದೆ. ಅದು ಬೇರಿನ ರೋಮ, ಬೂಷ್ಟಲ್ಲ. ಹೋದ ವರ್ಷ ಅಳಿಯಂದಿರು ಬೂಷ್ಟು ಬಂದಿದೆ ಅಂತ ತಟ್ಟೆಯನ್ನೇ ಕಸಕ್ಕೆ ಸುರಿದಿದ್ದರು, ನೆನಪಿದೆಯಾ? ನೀರು ಚಿಮುಕಿಸಿ ನೋಡು, ರೋಮ ಬೇರಿಗೆ ಅಂಟಿಕೊಂಡು ಮಾಯವಾಗುತ್ತದೆ. ಬೂಷ್ಟು ಹಾಗೆ ಮಾಯವಾಗುವುದಿಲ್ಲ, ವಾಸನೆಯೂ ಬರುತ್ತದೆ.

21ಕ್ಕೇ ಅಂತ ಇರುವುದು ಧೂಪ. ಬವೇರಿಯಾ, ಆಸ್ಟ್ರಿಯಾದಲ್ಲಿ ಅದು ಸಂತ ಥಾಮಸನ ರಾತ್ರಿ. ಕೆಂಡದ ಬಾಣಲೆಗೆ ಜೂನಿಪರ್ ಅನ್ನುವ ಪರಿಮಳದ ಗಿಡ, ಮಾಚಿಪತ್ರೆ ಜಾತಿಯ ಸೊಪ್ಪು ಹಾಕಿ ಮನೆ, ಕೊಟ್ಟಿಗೆ ಎಲ್ಲ ಸುತ್ತಿಸುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಗೆ ಅಲಾರಂ ಕೂಗಿ ಫೈರ್ ಎಂಜಿನ್ ಬಂದೀತು, ಅದನ್ನು ಬಿಡು. ಹಿಂದಿನ ವರ್ಷದ ಕೊಳ್ಳಿಯಿಂದ ಹೊಸ ದಿಮ್ಮಿಗೆ ಬೆಂಕಿ ಹಚ್ಚುವ ಶಾಸ್ತ್ರವೂ ಅಷ್ಟೇ, ಒಲೆ ಇದ್ದವರಿಗೆ.

ಚೆಕ್ ಜನರ ಸೇಬು ಮಾತ್ರ ಮಾಡಿಸು. ಕ್ರಿಸ್ಮಸ್ ಹಿಂದಿನ ರಾತ್ರಿ ಊಟ ಆದ ಮೇಲೆ ಸೇಬನ್ನು ಅಡ್ಡಕ್ಕೆ ಕೊಯ್ಯುತ್ತಾರೆ. ನಡುವೆ ಐದು ಮೂಲೆಯ ನಕ್ಷತ್ರ ಬಂದರೆ ಆರೋಗ್ಯ, ಶಿಲುಬೆ ಬಂದರೆ ಕೆಟ್ಟದ್ದು ಅಂತ. ಸೇಬಿನಲ್ಲಿ ಬೀಜದ ಕೋಣೆ ಐದೇ ಇರುವುದು, ಹಾಗಾಗಿ ಹೆಚ್ಚುಕಡಿಮೆ ಯಾವಾಗಲೂ ನಕ್ಷತ್ರವೇ. ಹುಳ ತಿಂದದ್ದು ಮಾತ್ರ ಬೇಡ. ಚಾಕು ನೀನೇ ಹಿಡಿ.

ಇವತ್ತೇ ಹೋಗಿ ಆ ಅಜ್ಜಿಯನ್ನು ಕೊಂಬೆ ಕೇಳು, ಆಯ್ತಾ? ಕಡಿಯುವ ಮುಂಚೆ ಮೊಗ್ಗಿನ ಫೋಟೋ ಹಾಕು, ಹೂವಿನದೋ ಎಲೆಯದೋ ನೋಡಿ ಹೇಳುತ್ತೇನೆ.