ಮರೆತುಹೋದ ಬೇಸ್‌ಬಾಲ್ ಆಟಗಾರರು: ಮಗಳಿಗೆ ಯಾರ ಕಥೆ ಹೇಳಲಿ?

ಕೇಳಿದವರು, ನ್ಯೂಜೆರ್ಸಿಯಿಂದ:
ಎಲ್ಲರಿಗೂ ನಮಸ್ಕಾರ. ಮಗಳು ಐದನೇ ಕ್ಲಾಸ್. ಶಾಲೆಯಲ್ಲಿ ಒಬ್ಬ ಬೇಸ್‌ಬಾಲ್ ಆಟಗಾರರ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ಬೇಬ್ ರೂತ್, ಜಾಕಿ ರಾಬಿನ್ಸನ್ ಇಬ್ಬರನ್ನೂ ಬೇರೆ ಮಕ್ಕಳು ಆಗಲೇ ಆರಿಸಿಕೊಂಡಿದ್ದಾರೆ. "ತುಂಬಾ ಚೆನ್ನಾಗಿ ಆಡಿದ್ದರೂ ಯಾರಿಗೂ ಗೊತ್ತಿಲ್ಲದವರು ಬೇಕು" ಅಂತ ಇವಳ ಹಟ. ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಿಳಿಯದು. ಮಕ್ಕಳ ಜೊತೆ ಇಂಥದ್ದು ಮಾಡಿದವರು ಯಾರಾದರೂ ಇದ್ದರೆ, ಯಾರನ್ನು ಆರಿಸಿದಿರಿ, ಹೇಗೆ ಹೇಳಿಸಿದಿರಿ, ದಯವಿಟ್ಟು ತಿಳಿಸಿ.

ಸ್ಯಾನ್ ಹೋಸೆಯಿಂದ:
ನಮ್ಮ ಹುಡುಗ ಜಪಾನಿನ ಏಜಿ ಸವಾಮುರ ಬಗ್ಗೆ ಮಾತಾಡಿದ್ದ. 1934ರಲ್ಲಿ ಅಮೆರಿಕದ ದೊಡ್ಡ ಆಟಗಾರರ ತಂಡ ಜಪಾನಿಗೆ ಹೋಗಿತ್ತು. ಶಿಜುವೊಕದಲ್ಲಿ ನಡೆದ ಆಟದಲ್ಲಿ ಈ 17 ವರ್ಷದ ಹುಡುಗ ಪಿಚರ್, ಅಂದರೆ ಚೆಂಡು ಎಸೆಯುವವ. ಗೆರಿಂಜರ್, ರೂತ್, ಗೆರಿಗ್, ಫಾಕ್ಸ್, ನಾಲ್ವರನ್ನೂ ಒಬ್ಬರ ಹಿಂದೆ ಒಬ್ಬರಂತೆ ಸ್ಟ್ರೈಕ್ ಔಟ್ ಮಾಡಿದ, ಅಂದರೆ ಚೆಂಡು ಹೊಡೆಯಲು ಬಿಡದೆ ಔಟ್ ಮಾಡಿದ. ಕೊನೆಗೆ ಗೆರಿಗ್ ಹೊಡೆದ ಒಂದು ಹೋಮ್ ರನ್‌ನಿಂದ (ಕ್ರಿಕೆಟ್‌ನ ಸಿಕ್ಸರ್ ಥರ) ಜಪಾನ್ 1-0ಗೆ ಸೋತಿತು. ಯುದ್ಧದಲ್ಲಿ, 1944ರ ಡಿಸೆಂಬರ್‌ನಲ್ಲಿ, ಅವರಿದ್ದ ಹಡಗು ಮುಳುಗಿ ತೀರಿಕೊಂಡರು. ಆಗ 27 ವರ್ಷ. ಜಪಾನಿನಲ್ಲಿ ಅವರ ಹೆಸರಿನ ಪ್ರಶಸ್ತಿಯೇ ಇದೆ, ಅಲ್ಲಿ ಯಾರೂ ಮರೆತಿಲ್ಲ. ಇಲ್ಲಿ ಮಾತ್ರ ಮಗನ ಟೀಚರ್‌ಗೂ ಗೊತ್ತಿರಲಿಲ್ಲ.

ಪಿಟ್ಸ್‌ಬರ್ಗ್‌ನಿಂದ:
ಮೇಡಂ, ನನ್ನನ್ನು ಕೇಳಿದರೆ ಆಸ್ಕರ್ ಚಾರ್ಲ್‌ಸ್ಟನ್. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಈ ವಿಷಯ ನನಗೆ ತುಂಬಾ ಹತ್ತಿರದ್ದು.

ಹಿಂದೆ ಸುಮಾರು ಆರು ದಶಕ ಕಪ್ಪು ಆಟಗಾರರನ್ನು ಮೇಜರ್ ಲೀಗ್‌ಗೆ, ಅಂದರೆ ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ಗೆ, ಸೇರಿಸುತ್ತಲೇ ಇರಲಿಲ್ಲ. 1920ರಲ್ಲಿ ಕಾನ್ಸಸ್ ಸಿಟಿಯಲ್ಲಿ ರೂಬ್ ಫಾಸ್ಟರ್ ಮುಂದೆ ನಿಂತು ಕಪ್ಪು ಆಟಗಾರರಿಗಾಗಿ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಚಾರ್ಲ್‌ಸ್ಟನ್ ಮೆರೆದದ್ದು ಅಲ್ಲಿ. ಇಂಡಿಯಾನಾಪೊಲಿಸ್‌ನಲ್ಲಿ 1896ರಲ್ಲಿ ಹುಟ್ಟಿದವರು. 15ನೇ ವಯಸ್ಸಿಗೇ ಸೈನ್ಯ ಸೇರಿ ಫಿಲಿಪೀನ್ಸ್‌ಗೆ ಹೋದರು. 1915ರಲ್ಲಿ ಊರಿಗೆ ಬಂದು ಅಲ್ಲಿನ ಎಬಿಸಿಸ್ ತಂಡ ಸೇರಿದರು.

ಮಗಳಿಗೆ ಹೇಳಬೇಕಾದ್ದು ಅವರ ಫೀಲ್ಡಿಂಗ್. ಅವರು ಸೆಂಟರ್ ಫೀಲ್ಡರ್, ಅಂದರೆ ಮೈದಾನದ ಹಿಂಭಾಗದ ನಡುವೆ ಕಾಯುವವರು. ಆ ಜಾಗದವರು ಸಾಮಾನ್ಯವಾಗಿ ದೂರ, ಬೇಲಿಯ ಕಡೆಗೆ ನಿಲ್ಲುತ್ತಾರೆ. ತಲೆ ಮೇಲೆ ಹೋದ ಚೆಂಡು ಹಿಡಿಯಬೇಕಲ್ಲ. ಚಾರ್ಲ್‌ಸ್ಟನ್ ಮುಂದೆ ಬಂದು, ಬ್ಯಾಟರ್‌ಗೆ ನೇರ ಎದುರಿಗಿರುವ ಸೆಕೆಂಡ್ ಬೇಸ್‌ನ ಹೆಚ್ಚುಕಡಿಮೆ ಬೆನ್ನಿಗೇ ನಿಲ್ಲುತ್ತಿದ್ದರು. ಚೆಂಡು ಮೇಲೆ ಹೋಯಿತೋ, ತಿರುಗಿ ಓಡಿ ಹಿಡಿಯುವಷ್ಟು ಕಾಲು ಚುರುಕು. ಮುಂದೆ ಬೀಳುವ ಸಣ್ಣ ಹೊಡೆತಗಳೂ ಹೀಗೆ ಅವರ ಕೈಗೇ ಸಿಗುತ್ತಿದ್ದವು. ನಾನು ಮಗನಿಗೆ ಇದನ್ನು ಪಾರ್ಕಿನಲ್ಲಿ ಮಾಡಿ ತೋರಿಸಿದೆ. ಅವನು ಮುಂದೆ ನಿಂತ, ನಾನು ಚೆಂಡು ಎತ್ತಿ ಹೊಡೆದೆ. ಹತ್ತರಲ್ಲಿ ಒಂದೂ ಹಿಡಿಯಲಾಗಲಿಲ್ಲ. ಏದುಸಿರು ಬಿಡುತ್ತಾ ಬಂದು "ಅಪ್ಪ, ಅವರು ಹೇಗೆ ಹಿಡೀತಿದ್ರು?" ಅಂತ ಕೇಳಿದ. ಅಲ್ಲಿಂದ ಅವನಿಗೆ ಆ ಮನುಷ್ಯ ತನ್ನವನಾದ.

1932ರಿಂದ ನಮ್ಮೂರಿನ ಕ್ರಾಫರ್ಡ್ಸ್ ತಂಡಕ್ಕೆ ಅವರೇ ಮ್ಯಾನೇಜರ್, ಆಟಗಾರರೂ ಹೌದು. ಸ್ಯಾಚೆಲ್ ಪೇಜ್, ಜೋಶ್ ಗಿಬ್ಸನ್, ಕೂಲ್ ಪಾಪಾ ಬೆಲ್, ಜೂಡಿ ಜಾನ್ಸನ್ ಎಲ್ಲರೂ ಆ ತಂಡದಲ್ಲಿ ಆಡಿದವರು. ಚಾರ್ಲ್‌ಸ್ಟನ್ ಸೇರಿ ಐವರೂ ಆಮೇಲೆ ಬೇಸ್‌ಬಾಲ್ ಶ್ರೇಷ್ಠರಿಗೆ ಗೌರವ ಕೊಡುವ ಹಾಲ್ ಆಫ್ ಫೇಮ್ ಸೇರಿದರು. ಆದರೆ ಚಾರ್ಲ್‌ಸ್ಟನ್ ತೀರಿಕೊಂಡದ್ದು 1954ರಲ್ಲಿ, ಆ ಗೌರವ ಬಂದದ್ದು 1976ರಲ್ಲಿ. ಅಂಕಿಅಂಶ ಅಳೆದು ತೂಗುವ ಬಿಲ್ ಜೇಮ್ಸ್ 2001ರಲ್ಲಿ ಅವರನ್ನು ಸಾರ್ವಕಾಲಿಕ ಆಟಗಾರರಲ್ಲಿ ನಾಲ್ಕನೆಯವರು ಅಂತ ಎಣಿಸಿದರು. ರೂತ್, ಹೋನಸ್ ವ್ಯಾಗ್ನರ್, ವಿಲ್ಲಿ ಮೇಸ್, ಆಮೇಲೆ ಇವರೇ. ಮೊದಲ ಮೂವರ ಹೆಸರು ಎಲ್ಲರಿಗೂ ಗೊತ್ತು. ನಾಲ್ಕನೆಯದು ಹೇಳಿದರೆ ಇಲ್ಲೇ ಹುಟ್ಟಿ ಬೆಳೆದವರೂ ಯಾರು ಅಂತ ಕೇಳುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಯಾಕೆ ಮರೆತರು ಅನ್ನುವುದನ್ನು ಮಗಳು ಖಂಡಿತ ಹೇಳಲಿ. ಆ ಆಟಗಳನ್ನು ಬಿಳಿಯರ ಪತ್ರಿಕೆಗಳು ಬರೆದದ್ದೇ ಕಡಿಮೆ. ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್‌ನಂಥ ಕಪ್ಪು ಜನರ ಪತ್ರಿಕೆಗಳಲ್ಲಿ ಬಂದಷ್ಟೇ ಉಳಿದದ್ದು. ಊರೂರು ಸುತ್ತಿ ಆಡಿದ ಎಷ್ಟೋ ಆಟಗಳಿಗೆ ಲೆಕ್ಕವೇ ಇಲ್ಲ. ಹಳೆ ಪತ್ರಿಕೆಗಳಿಂದ ಸ್ಕೋರ್ ಒಂದೊಂದಾಗಿ ಹೆಕ್ಕಿದವರಿಗೆ ವರ್ಷಗಳೇ ಹಿಡಿದವು. 2024ರ ಮೇನಲ್ಲಿ ಆ ಲೆಕ್ಕ ಮೇಜರ್ ಲೀಗ್ ದಾಖಲೆಗೆ ಸೇರಿತು. ಅಲ್ಲಿಯವರೆಗೆ ಮೊದಲಿದ್ದ ಟೈ ಕಾಬ್ ಅವರ .367 ಬ್ಯಾಟಿಂಗ್ ಆವರೇಜ್ (ಸಾವಿರ ಸಲ ಬ್ಯಾಟ್ ಹಿಡಿದರೆ 367 ಹಿಟ್) ಹಿಂದೆ ಬಿದ್ದು, ಜೋಶ್ ಗಿಬ್ಸನ್ ಅವರ .372 ಮೇಲೆ ಬಂತು.

ಗಿಬ್ಸನ್ ಸಮಾಧಿ ಇಲ್ಲೇ ಅಲೆಘೇನಿ ಸ್ಮಶಾನದಲ್ಲಿದೆ. ತೀರಿಕೊಂಡದ್ದು 1947ರ ಜನವರಿ 20, ಬರೀ 35 ವರ್ಷ. ಕಪ್ಪು ಆಟಗಾರರಿಗಿದ್ದ ಆ ತಡೆ ಮುರಿದು ಜಾಕಿ ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕೆ ಇಳಿದದ್ದು ಅದೇ ಏಪ್ರಿಲ್ 15. ಮೂರು ತಿಂಗಳೂ ಆಗಿರಲಿಲ್ಲ. 1975ರವರೆಗೆ ಆ ಜಾಗಕ್ಕೆ ಒಂದು ಕಲ್ಲೂ ಇರಲಿಲ್ಲ. ಈಗಿರುವುದು ನೆಲಕ್ಕೆ ಅಂಟಿದ ಸಣ್ಣ ಕಲ್ಲು. ನಾವು ಹೋದ ದಿನ ಅದರ ಮೇಲೆ ಒಣಗಿದ ಹುಲ್ಲು ಮುಚ್ಚಿತ್ತು. ಮಗ ಕೈಯಿಂದ ಒರೆಸಿ ಹೆಸರು ಓದಿದ, ಇಸವಿ ಕಳೆದು ವಯಸ್ಸು ಲೆಕ್ಕ ಹಾಕಿದ. ವಾಪಸ್ ಬರುವಾಗ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ.

ಒಂದು ತಪ್ಪು ನಾವು ಮಾಡಿದ್ದೆವು. ಭಾಷಣದ ಮೊದಲ ಪುಟ ಪೂರ್ತಿ ಅಂಕಿ. ಎರಡನೇ ನಿಮಿಷಕ್ಕೆ ಕ್ಲಾಸಿನ ಮಕ್ಕಳು ಆಕಳಿಸಿದರಂತೆ. ನೀವು ಫೀಲ್ಡಿಂಗ್‌ನಿಂದಲೇ ಶುರು ಮಾಡಿಸಿ. ಅಂಕಿ ಎರಡು ಸಾಕು.

ಧಾರವಾಡದಿಂದ:
ನಾನು ಬೇಸ್‌ಬಾಲ್ ನೋಡಿದವನಲ್ಲ. ಆದರೆ ಮೇಡಂ ಕ್ರಿಕೆಟ್ ಬಲ್ಲೆ ಅಂದಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮೂರಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಅವರ ಹೆಸರು ನಮ್ಮೂರಲ್ಲೇ ಎಷ್ಟು ಜನಕ್ಕೆ ಗೊತ್ತು? ದಲಿತರು, ಎಡಗೈ ಸ್ಪಿನ್ನರ್. ಪುಣೆಯಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ ಮಾಡುತ್ತಾ ಇಂಗ್ಲಿಷರಿಗೆ ನೆಟ್ಸ್‌ನಲ್ಲಿ ಬೌಲ್ ಮಾಡಿದರು. ಹಿಂದೂ ತಂಡಕ್ಕೆ ಅವರ ವಿಕೆಟ್ ಬೇಕಿತ್ತು, ಆದರೆ ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಆದರೂ ಅವರನ್ನು ನಾಯಕನನ್ನಾಗಿ ಮಾಡಲಿಲ್ಲ. ಚಾರ್ಲ್‌ಸ್ಟನ್ ಕಥೆ ಮನೆಯಲ್ಲಿ ಹೇಳುವಾಗ ಇದನ್ನೂ ಹೇಳಿ. ಅಲ್ಲಿಯವರು ಹಾಗೆ ಮಾಡಿದರು ಅಂತ ಮಾತ್ರ ಮಗುವಿಗೆ ಅನ್ನಿಸಬಾರದು ನೋಡಿ.

ಷಿಕಾಗೊದಿಂದ:
ಹೆಣ್ಣುಮಗು ಅಂದಿರಿ, ಒಂದು ಮಾತು ಸೇರಿಸುತ್ತೇನೆ. 1953ರಲ್ಲಿ ಟೋನಿ ಸ್ಟೋನ್ ಎಂಬ ಹೆಣ್ಣುಮಗಳು ಕಪ್ಪು ಆಟಗಾರರ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ ಗಂಡಸರ ಜೊತೆ ಸೆಕೆಂಡ್ ಬೇಸ್ ಆಡಿದರು. ಮರುವರ್ಷ ಅದೇ ತಂಡಕ್ಕೆ ಚಾರ್ಲ್‌ಸ್ಟನ್ ಮ್ಯಾನೇಜರ್. ಸ್ಟೋನ್ ಆಗ ಬೇರೆ ತಂಡಕ್ಕೆ ಹೋಗಿದ್ದರು. ಆದರೆ ಪಿಚರ್ ಮೇಮಿ ಜಾನ್ಸನ್, ಸೆಕೆಂಡ್ ಬೇಸ್‌ನಲ್ಲಿ ಕಾನಿ ಮಾರ್ಗನ್, ಈ ಇಬ್ಬರು ಹುಡುಗಿಯರು ಚಾರ್ಲ್‌ಸ್ಟನ್ ಕೈಕೆಳಗೇ ಆಡಿದರು.

ಕೇಳಿದವರು, ನ್ಯೂಜೆರ್ಸಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಾರ್ಲ್‌ಸ್ಟನ್ ಅಂತ ತೀರ್ಮಾನ ಆಯಿತು. ನಿನ್ನೆ ಸಂಜೆ ಪಾರ್ಕಿಗೆ ಹೋಗಿ ಮುಂದೆ ನಿಂತು ಚೆಂಡು ಹಿಡಿಯಲು ನೋಡಿದಳು. ಎರಡು ಹಿಡಿದಳು, ಪಿಟ್ಸ್‌ಬರ್ಗ್ ಸರ್ ಅವರ ಮಗನಿಗೆ ತಿಳಿಸಿ! ಬಾಲೂ ಅವರ ವಿಷಯ ಊಟದ ಹೊತ್ತಲ್ಲಿ ಹೇಳಿದೆ, ಲೋಟದ ಮಾತು ಬಂದಾಗ ತುತ್ತು ಕೈಯಲ್ಲೇ ಉಳಿಯಿತು. ಈಗ ಭಾಷಣ ಏಳು ನಿಮಿಷ ಆಗಿದೆ, ಎರಡು ನಿಮಿಷ ಕಡಿಮೆ ಮಾಡಬೇಕು. ಮೇಮಿ ಜಾನ್ಸನ್ ಭಾಗ ಬಿಡೋಣ್ವಾ ಅಂದರೆ ಕಾಗದ ಕಿತ್ತುಕೊಂಡು ಹೋದಳು.