ಗ್ರೇ ಟೈಲ್ಸ್ ಹಾಕಿದ ಚಿಕ್ಕ ಗೆಸ್ಟ್ ಬಾತ್‌ರೂಮ್, ಒಡೆಸದೆ ಚೆಂದ ಮಾಡೋದು ಹೇಗೆ?

ಕುವೆಂಪುನಗರ_ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು. ಹಾಲ್ ಪಕ್ಕದಲ್ಲಿ ನೆಂಟರಿಗೆ ಅಂತ ಒಂದು ಬಾತ್‌ರೂಮ್ ಇದೆ, 4 ಅಡಿ ಅಗಲ, 6 ಅಡಿ ಉದ್ದ. ಮನೆ ಕಟ್ಟಿಸುವಾಗ ಕೊಳೆ ಎದ್ದು ಕಾಣಲ್ಲ ಅಂತ ನೆಲಕ್ಕೂ ಗೋಡೆಗೂ ಒಂದೇ ಗ್ರೇ ಮ್ಯಾಟ್ ಟೈಲ್ಸ್ ಹಾಕಿಸಿಬಿಟ್ಟೆವು, ಗೋಡೆಗೆ 7 ಅಡಿವರೆಗೂ. ಅಂಗಡಿಯಲ್ಲಿ ಒಂದೇ ಒಂದು ಟೈಲ್ ಕೈಯಲ್ಲಿ ಹಿಡಿದು ನೋಡಿದಾಗ ತುಂಬಾ ಚೆನ್ನಾಗಿತ್ತು. ಈಗ ಒಳಗೆ ಕಾಲಿಟ್ಟರೆ ಆಷಾಢದ ಮೋಡ ತಲೆ ಮೇಲೆ ಕೂತ ಹಾಗಿರುತ್ತದೆ. ಹೋದ ಸಲ ಬಂದಾಗ ನಮ್ಮ ಅತ್ತೆ, "ಒಳಗೆ ಹೋದ್ರೆ ಕಣ್ಣು ಕಟ್ಟಿದ ಹಾಗಾಗುತ್ತೆ ಕಣಮ್ಮ" ಅಂದರು. ಬೈದು ಹೇಳಿದ್ದಲ್ಲ, ಆದರೂ ಆ ಮಾತು ಮನಸ್ಸಲ್ಲೇ ಉಳಿದಿದೆ. ದಸರಾಗೆ ಮತ್ತೆ ಬರುತ್ತಾರೆ. ಟೈಲ್ಸ್ ಒಡೆಸೋ ಮಾತಿಲ್ಲ. 10 ಸಾವಿರದೊಳಗೆ ಏನು ಮಾಡಬಹುದು? ಸ್ಟಿಕ್ಕರ್, ಪ್ಲಾಸ್ಟಿಕ್ ಹೂವು ಬೇಡ. ನೀರು ಬೋರ್‌ದು, ಟೈಲ್ಸ್ ಮೇಲೆ ಬಿಳಿ ಕಲೆ ಬೇರೆ ಕೂತಿದೆ.

ಹುಬ್ಬಳ್ಳಿ_ಹುಡುಗ:
ಅಕ್ಕಾ, ಏನನ್ನೂ ಕೊಳ್ಳುವ ಮುಂಚೆ ಬಲ್ಬ್ ನೋಡಿ. 6500ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಇದೆಯಾ? ಡಬ್ಬದ ಮೇಲೆ ಕೂಲ್ ಡೇಲೈಟ್ ಅಂತ ಬರೆದಿರುತ್ತದೆ. ಆ ನೀಲಿ ಬೆಳಕು ಗ್ರೇ ಮೇಲೆ ಬಿದ್ದರೆ ಸಿಮೆಂಟ್ ಗೋಡೌನ್ ಥರಾನೇ ಕಾಣುತ್ತದೆ, ಕನ್ನಡಿಯಲ್ಲಿ ನಮ್ಮ ಮುಖವೂ ಕಳೆಗುಂದಿರುತ್ತದೆ. ನಮ್ಮ ಮನೆಯಲ್ಲೂ ಹೀಗೇ ಇತ್ತು. 3000ಕೆ ವಾರ್ಮ್ ವೈಟ್ ಹಾಕಿದ ಸಂಜೆ ಅದೇ ಟೈಲ್ಸ್ ಹೊಳೆ ದಂಡೆಯ ಕಲ್ಲಿನ ಹಾಗೆ ಕಂಡಿತು, ನಿಜವಾಗಲೂ ನನಗೆ ನಂಬೋಕೆ ಆಗಲಿಲ್ಲ. ಕನ್ನಡಿ ಮೇಲೆ ಇನ್ನೊಂದು ಲೈಟ್ ಇದ್ದರೆ ಅದು 4000ಕೆ ಇರಲಿ.
ಆಮೇಲೆ 7 ಅಡಿ ಮೇಲಿನ ಗೋಡೆ ಮತ್ತು ಸೀಲಿಂಗ್‌ಗೆ ಕೆನೆ ಬಣ್ಣ ಬಳಿಸಿ. ಅಚ್ಚ ಬಿಳಿ ಬೇಡ, ಗ್ರೇ ಪಕ್ಕದಲ್ಲಿ ಅದು ತಣ್ಣಗೆ ಕಾಣುತ್ತದೆ. ಅಷ್ಟು ಜಾಗಕ್ಕೆ ಎರಡು ಕೋಟ್ ಹೊಡೆದರೂ 1 ಲೀಟರ್ ಸಾಕು. ವೆಂಟಿಲೇಟರ್ ಎದುರಿನ ಗೋಡೆಯಲ್ಲಿ ಜಾಗ ಇದ್ದರೆ ಕನ್ನಡಿಯನ್ನ ಅಲ್ಲೇ ಹಾಕಿ, ಹಗಲು ಹೊತ್ತಿನ ಬೆಳಕು ಎರಡರಷ್ಟಾದ ಹಾಗೆ ಅನಿಸುತ್ತದೆ.

ಶಿರಸಿ_ಅಂಗಳ:
ನನಗೆ ನಿಮ್ಮ ಅತ್ತೆ ಹೇಳಿದ ಮಾತೇ ಮುಖ್ಯ ಅನಿಸಿತು. ಅದು ಬರೀ ಅಂದಚೆಂದದ ಮಾತಲ್ಲ. ವಯಸ್ಸಾದ ಕಣ್ಣಿಗೆ ಒಂದೇ ಬಣ್ಣದ ನೆಲ, ಗೋಡೆ ಎಲ್ಲಿ ಸೇರುತ್ತವೆ ಅಂತ ಸರಿಯಾಗಿ ಗೊತ್ತಾಗಲ್ಲ. ಗ್ರೇ ನೆಲದ ಮೇಲೆ ನೀರು ನಿಂತಿದ್ದರೂ ಕಾಣಲ್ಲ. ನನ್ನ ಅಮ್ಮ ನಮ್ಮ ಬಾತ್‌ರೂಮಿನಲ್ಲಿ ಕಾಲಿನಿಂದ ನೆಲ ತಡವಿ ತಡವಿ ಹೆಜ್ಜೆ ಇಡುತ್ತಿದ್ದರು, ಒಂದು ಕೈ ಯಾವಾಗಲೂ ಗೋಡೆ ಮೇಲೆ. ನಾನು ಮಂಡಿ ನೋವು ಅಂದುಕೊಂಡಿದ್ದೆ. ಒಂದು ದಿನ ಬಕೆಟ್ ಇದ್ದದ್ದೇ ಕಾಣದೆ ಎಡವಿದರು. ಅದೂ ಗ್ರೇ ಬಕೆಟ್! ಮ್ಯಾಚ್ ಆಗುತ್ತೆ ಅಂತ ಹುಡುಕಿ ತಂದವಳು ನಾನೇ, ಇವತ್ತಿಗೂ ಸಂಕಟ ಆಗುತ್ತದೆ.
ಅದಕ್ಕೇ ಹೇಳೋದು, ಬಣ್ಣವನ್ನ ಕೈಕಾಲು ತಾಗುವ ಕಡೆ ತನ್ನಿ. ಅರಿಶಿನ ಬಣ್ಣದ ಬಕೆಟ್ಟು ಮಗ್ಗು, ಇಟ್ಟಿಗೆ ಕೆಂಪಿನ ಟವೆಲ್, ಬಾಗಿಲ ಹೊರಗೆ ಅದೇ ಕೆಂಪಿನ ಕಾಲೊರಸು. ಕಮೋಡ್ ಪಕ್ಕ ಹಿಡಿದುಕೊಂಡು ಏಳೋಕೆ ಒಂದು ಸ್ಟೀಲ್ ಕಂಬಿ ಹಾಕಿಸಿ, ಇದನ್ನ ದಯವಿಟ್ಟು ಬಿಡಬೇಡಿ. ನೆಂಟರಿಗೆ ರಾತ್ರಿ ಹೊತ್ತು ಸ್ವಿಚ್ ಎಲ್ಲಿದೆ, ಬಿಸಿನೀರು ಯಾವ ಕಡೆ ಅಂತ ಗೊತ್ತಿರಲ್ಲ ಅಲ್ವಾ? ನಲ್ಲಿಗೆ ಕೆಂಪು ಗುರುತು ಇರಲಿ, ಬಾಗಿಲ ಹತ್ತಿರ ಒಂದು ಸಣ್ಣ ರಾತ್ರಿ ದೀಪ ಇರಲಿ.

ಟೈಲ್ಸ್_ಕೆಲಸ:
ನಾನು ಟೈಲ್ಸ್ ಕೆಲಸದವನು, ತುಮಕೂರು. ಮೇಡಂ, ಜಾಯಿಂಟ್‌ಗೆ ಬಿಳಿ ಗ್ರೌಟ್ (ಟೈಲ್ಸ್ ಸಂದಿಗೆ ತುಂಬೋ ಪೇಸ್ಟ್) ತುಂಬಿಸಿದ್ದಾರಾ? ಗ್ರೇ ಟೈಲ್ಸ್ ಮಧ್ಯೆ ಬಿಳಿ ಗೆರೆ ಬಂದರೆ ಗೋಡೆ ಚೌಕ ಚೌಕ ಕಾಣುತ್ತದೆ, ಚಿಕ್ಕ ರೂಮ್ ಇನ್ನೂ ಚಿಕ್ಕದಾಗುತ್ತದೆ, ಬೋರ್ ನೀರಿಗೆ ವರ್ಷದೊಳಗೆ ಹಳದಿಯಾಗುತ್ತದೆ. ಹಳೆಯದನ್ನ ಕೆರೆದು ಟೈಲ್ಸ್ ಬಣ್ಣದ್ದೇ ಎಪಾಕ್ಸಿ ಗ್ರೌಟ್ ತುಂಬಿಸಿ. ಸಿಮೆಂಟ್ ಗ್ರೌಟ್‌ಗಿಂತ ರೇಟ್ ಜಾಸ್ತಿ, ಆದರೆ ನೀರು ಕುಡಿಯಲ್ಲ.
ಬಿಳಿ ಕಲೆಗೆ ವಿನೆಗರ್, ನೀರು ಸಮ ಬೆರೆಸಿ, ಅದರಲ್ಲಿ ಬಟ್ಟೆ ನೆನೆಸಿ ಹತ್ತು ನಿಮಿಷ ಅಂಟಿಸಿ, ಆಮೇಲೆ ಉಜ್ಜಿ ತೊಳೆಯಿರಿ. ಬಾತ್‌ರೂಮಿನಲ್ಲಿ ಕಡಪ ಕಲ್ಲಿನ ಶೆಲ್ಫ್ ಇದ್ದರೆ ಅದಕ್ಕೆ ತಾಗಿಸಬೇಡಿ. ಅದು ಸುಣ್ಣದ ಕಲ್ಲಿನ ಜಾತಿ, ಹುಳಿ ಬಿದ್ದರೆ ಹೊಳಪು ಹೋಗುತ್ತದೆ. ಸ್ನಾನ ಆದ ಮೇಲೆ ಗೋಡೆಗೂ ಒಂದು ಸಲ ವೈಪರ್ ಎಳೆದರೆ ಅರ್ಧ ಕಲೆ ಬರೋದೇ ಇಲ್ಲ.
ಕಂಬಿ ಹಾಕುವವರಿಗೆ ಒಂದು ಮಾತು ಹೇಳಿ. ತೂತು ಹಾಕೋ ಜಾಗಕ್ಕೆ ಪೇಪರ್ ಟೇಪ್ ಅಂಟಿಸಲಿ, ಟೈಲ್ಸ್ ದಾಟುವವರೆಗೆ ಡ್ರಿಲ್‌ನ ಹ್ಯಾಮರ್ (ಬಡಿಯುವ ಮೋಡ್) ಆನ್ ಮಾಡಬಾರದು. ನಲ್ಲಿಯ ನೇರಕ್ಕೆ ಮೇಲೆ ಕೆಳಗೆ ತೂತು ಬೇಡವೇ ಬೇಡ, ಒಳಗೆ ಪೈಪ್ ಹೋಗಿರುತ್ತದೆ.

ಕುವೆಂಪುನಗರ_ಮನೆ:
ನಿನ್ನೆ ಬಲ್ಬ್ ಬದಲಿಸಿದೆ. ಬಾಗಿಲು ತೆರೆದು ಐದು ನಿಮಿಷ ಸುಮ್ನೆ ನೋಡ್ತಾ ನಿಂತಿದ್ದೆ, ಗ್ರೇ ಒಳಗೆ ಸಣ್ಣ ಕಂದು ಎಳೆ ಇರೋದು ಇಷ್ಟು ದಿನ ಕಂಡೇ ಇರಲಿಲ್ಲ. ಗ್ರೌಟ್ ಬಿಳಿಯೇ, ಮೇಸ್ತ್ರಿಗೆ ಫೋನ್ ಮಾಡಿದ್ದೇನೆ. ಶಿರಸಿ ಅಕ್ಕಾ, ನಮ್ಮ ಅತ್ತೆಯೂ ಹಾಗೇ ಗೋಡೆ ಹಿಡಿದೇ ನಡೆಯುತ್ತಿದ್ದರು, ನೀವು ಹೇಳಿದ ಮೇಲೆ ಹೊಳೆಯಿತು. ಕಂಬಿ ಎಷ್ಟು ಎತ್ತರಕ್ಕೆ ಇರಬೇಕು? ಮೂಲೆಯಲ್ಲಿ ಒಂದು ಗಿಡ ಇಡಬಹುದಾ?

ಶಿರಸಿ_ಅಂಗಳ:
ಅಳತೆ ಪುಸ್ತಕದಲ್ಲಿ ನೋಡಬೇಡಿ. ಅತ್ತೆ ಕೂತು ಏಳುವಾಗ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿ, ಅವರು ಬಂದ ದಿನವೇ ಹಾಕಿಸಿ. ಗಿಡ ನೆಲದ ಮೇಲೆ ಬೇಡ, ಇರೋದೇ 4 ಅಡಿ. ವೆಂಟಿಲೇಟರ್ ಕಟ್ಟೆ ಮೇಲೆ ಬಾಟಲಿಯಲ್ಲಿ ಮನಿಪ್ಲಾಂಟ್ ಇಡಿ, ವಾರಕ್ಕೊಮ್ಮೆ ನೀರು ಬದಲಿಸಿ.